ಉಳಿಗೆ ಹೊಡೆಯುವಾಗ ಕಣ್ಣಿಗೆ ಏನೋ ಸಿಡಿದಿದೆ. ನೋವಿಲ್ಲ, ಕಣ್ಣು ಕಾಣುತ್ತಿದೆ. ಹಾಗೇ ಬಿಟ್ಟರೆ ನಡೆಯುತ್ತದೆಯೇ?

ವರ್ಕ್‌ಶಾಪ್ ಮೇಲ್ವಿಚಾರಕ, ಹುಬ್ಬಳ್ಳಿ (ಸೋಮವಾರ, ಸಂಜೆ 7:10)

ಎಲ್ಲರಿಗೂ ನಮಸ್ಕಾರ. ನಮ್ಮ ವರ್ಕ್‌ಶಾಪಿನ ಫಿಟ್ಟರ್ ಒಬ್ಬರು, ವಯಸ್ಸು 34. ಮಧ್ಯಾಹ್ನ 3ರ ಸುಮಾರಿಗೆ ಶಾಫ್ಟಿಗೆ ಕಚ್ಚಿಕೊಂಡಿದ್ದ ಬೇರಿಂಗ್ ಬಿಚ್ಚಲು ಅದರ ರಿಂಗಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಲಗಣ್ಣಿಗೆ ಚಟ್ಟನೆ ಏನೋ ತಾಗಿತು. ಕನ್ನಡಕ ಹಾಕಿರಲಿಲ್ಲ. ಐದು ನಿಮಿಷ ನೀರು ಸುರಿದು, ಆಮೇಲೆ ನೋವು ಕಡಿಮೆಯಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಟಾರ್ಚ್ ಹಾಕಿ ನೋಡಿ, ಮೇಲೆ ಏನೂ ಕಾಣುವುದಿಲ್ಲ ಎಂದು ಆಂಟಿಬಯಾಟಿಕ್ ಡ್ರಾಪ್ಸ್ ಬರೆದು, ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಳಿಸಿದ್ದಾರೆ.

ಈಗ ನೋವಿಲ್ಲ. ಗೋಡೆ ಕ್ಯಾಲೆಂಡರಿನ ಸಣ್ಣ ಅಕ್ಷರ ಸ್ವಲ್ಪ ಮಂಜಾಗಿ ಓದುತ್ತಾರೆ. ಕಪ್ಪುಗುಡ್ಡೆಯ ಒಂದು ಬದಿಗೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಇದೆ. ನಾಳೆ ಕೆಲಸಕ್ಕೆ ಬರುತ್ತೇನೆ ಎನ್ನುತ್ತಿದ್ದಾರೆ. ಒಳಗೆ ಏನಾದರೂ ಹೋಗಿರಬಹುದೇ? ಎಕ್ಸ್‌ರೇ ಬೇಕೇ? ಹಾಗೇನಾದರೂ ಇದ್ದರೆ ಆಪರೇಷನ್ ಹೇಗೆ ಮಾಡುತ್ತಾರೆ? ಬಲ್ಲವರು ಲಗೂ ತಿಳಿಸಿ.

ಇನ್ನೊಂದು: ಗ್ರೈಂಡಿಂಗ್ ಕಿಡಿ ಕಣ್ಣಿಗೆ ಬಿದ್ದಾಗ ನಮ್ಮಲ್ಲಿ ಒಬ್ಬರು ಬೆಂಕಿಕಡ್ಡಿ ತುದಿಗೆ ಹತ್ತಿ ಸುತ್ತಿ ತೆಗೆಯುತ್ತಾರೆ. ಅದು ಸರಿಯೇ?

ಆಪ್ಟೋಮೆಟ್ರಿಸ್ಟ್, ಶಿವಮೊಗ್ಗ (ಸೋಮವಾರ, ಸಂಜೆ 7:24)

ಮೊದಲು ಮಾಡಬೇಕಾದ್ದು, ಕಾರಣ ಆಮೇಲೆ.

ಈ ರಾತ್ರಿಯೇ ರೆಟಿನಾ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ಸರ್ಜನ್ ಮತ್ತು ಸಿಟಿ ಸ್ಕ್ಯಾನ್ ಎರಡೂ ಸಿಗುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಿನವರೆಗೆ ಕಾಯಬೇಡಿ. ಹೊರಡುವ ಮೊದಲು ಆ ಹತ್ತಿಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ. ಗಾಯವಾದ ಕಣ್ಣಿನ ಮೇಲೆ ಯಾವ ಒತ್ತಡವೂ ಬೀಳಬಾರದು. ಕಣ್ಣಾಲಿಯಲ್ಲಿ ತೂತಿದ್ದರೆ, ಹತ್ತಿಯ ಒತ್ತಡಕ್ಕೇ ಒಳಗಿನ ದ್ರವ, ಕೆಲವೊಮ್ಮೆ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಕೂಡ ಹೊರಗೆ ತಳ್ಳಿಕೊಂಡು ಬರುತ್ತದೆ. ಪ್ಲಾಸ್ಟಿಕ್ ಐ ಶೀಲ್ಡ್ ಇಲ್ಲದಿದ್ದರೆ ಹೊಸ ಪೇಪರ್ ಕಪ್ಪಿನ ತಳವನ್ನು ಎರಡು ಬೆರಳಿನಷ್ಟು ಎತ್ತರಕ್ಕೆ ಕತ್ತರಿಸಿ, ಬೋರಲು ಹಾಕಿ. ಅದರ ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಮಾತ್ರ ಕೂರಬೇಕು. ರೆಪ್ಪೆಗೆ ತಾಗಬಾರದು. ಟೇಪನ್ನು ಹಣೆಯಿಂದ ಕೆನ್ನೆಗೆ ಓರೆಯಾಗಿ ಹಾಕಿ.

ಇನ್ನು ಯಾವ ಡ್ರಾಪ್ಸೂ ಬೇಡ, ಮುಲಾಮಂತೂ ಬೇಡವೇ ಬೇಡ. ಒಳಗೆ ಸೇರಿದ ಮುಲಾಮು ಸರ್ಜನ್ನರ ದಾರಿಗೇ ಅಡ್ಡ. ನೀರು ಹಾಕಿ ಮತ್ತೆ ತೊಳೆಯುವುದೂ ಬೇಡ. ಕೆಮಿಕಲ್, ಸುಣ್ಣ, ಬ್ಯಾಟರಿ ಆಸಿಡ್ ಬಿದ್ದಾಗ ಧಾರಾಳ ನೀರು ಸುರಿಯಬೇಕು. ತೂತಾದ ಕಣ್ಣಿಗೆ ಆ ನಿಯಮ ಸಲ್ಲದು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ ಹಾಕಲು ಮನೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಅವು ಒಳಗೆ ಬ್ಯಾಕ್ಟೀರಿಯಾ ಒಯ್ಯುತ್ತವೆ.

ಊಟ, ಚಹಾ ಕೊಡಬೇಡಿ. ರಾತ್ರಿಯೇ ಪೂರ್ತಿ ಅರಿವಳಿಕೆ ಕೊಟ್ಟು ಆಪರೇಷನ್ ಆಗಬಹುದು. ಅದಕ್ಕೆ ಗಟ್ಟಿ ಆಹಾರ ತಿಂದು 6 ಗಂಟೆ ಆಗಿರಬೇಕು. ಕೊನೆಯ ಊಟ ಯಾವಾಗ ಎಂದು ಬರೆದಿಟ್ಟುಕೊಳ್ಳಿ. ವಾಂತಿ ಬರುವಂತಿದ್ದರೆ ದಾರಿಯಲ್ಲೇ ಡಾಕ್ಟರಿಂದ ವಾಂತಿ ತಡೆಯುವ ಇಂಜೆಕ್ಷನ್ ಕೊಡಿಸಿ. ವಾಂತಿ ಮಾಡುವಾಗ, ತಿಣುಕಿದಾಗ ಕಣ್ಣಿನ ಒತ್ತಡ ಏರುತ್ತದೆ. ಆಸ್ಪಿರಿನ್ ಬೇಡ. ಧನುರ್ವಾಯು ಇಂಜೆಕ್ಷನ್ ಕೊನೆಯ ಸಲ ಯಾವಾಗ ಆಗಿತ್ತು, ಕೇಳಿಕೊಳ್ಳಿ.

ಮತ್ತೆ, ಆ ಉಳಿ ಮತ್ತು ಬೇರಿಂಗಿನ ರಿಂಗನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದರ ಅಂಚು ಹೊಸದಾಗಿ ಕಿತ್ತಿದೆ, ಎಷ್ಟು ಕಿತ್ತಿದೆ, ಅದು ಮ್ಯಾಗ್ನೆಟ್ಟಿಗೆ ಹಿಡಿಯುತ್ತದೆಯೇ ಎಂಬುದು ಸರ್ಜನ್ನರಿಗೆ ತುಂಬಾ ಉಪಯೋಗದ ಮಾಹಿತಿ.

ರೆಟಿನಾ ಸರ್ಜನ್, ಬೆಂಗಳೂರು (ಸೋಮವಾರ, ರಾತ್ರಿ 8:05)

ಮೇಲಿನವರು ಹೇಳಿದ್ದು ಅಕ್ಷರಶಃ ಪಾಲಿಸಿ. ನೀವು ಬರೆದ ಮೂರು ಮಾತು ಸೇರಿಸಿ ನೋಡಿ: ಲೋಹದ ಮೇಲೆ ಲೋಹದ ಏಟು, ಚಟ್ಟನೆ ತಾಗಿದ ಅನುಭವ, ಕಪ್ಪುಗುಡ್ಡೆಯಲ್ಲಿ ಸೂಜಿಮೊನೆಯ ಚುಕ್ಕೆ. ಈ ಮೂರೂ ಇದ್ದರೆ, ಏನೂ ಇಲ್ಲ ಎಂದು ಸ್ಕ್ಯಾನ್ ತೋರಿಸುವ ತನಕ ಚೂರು ಒಳಗಿದೆ ಎಂದೇ ನಡೆದುಕೊಳ್ಳಬೇಕು. ಕಣ್ಣು ಕಾಣುತ್ತಿದೆ, ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಸುದ್ದಿಯೇ ಅಲ್ಲ. ಸಾಣೆ ಹಿಡಿದಂತೆ ಚೂಪಾದ ಸಣ್ಣ ಚೂರು ಬಲು ವೇಗದಲ್ಲಿ ಬಂದಾಗ ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನು (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಶುದ್ಧವಾಗಿ ಕೊಯ್ದುಕೊಂಡು ಹೋಗುತ್ತದೆ, ಹಿಂದೆಯೇ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ನೋವು ಹುಟ್ಟಿಸುವ ನರಗಳು ಕಾರ್ನಿಯಾದಲ್ಲಿ ದಟ್ಟವಾಗಿವೆ. ಮಸೂರದಲ್ಲಿ, ವಿಟ್ರಿಯಸ್ಸಿನಲ್ಲಿ (ಕಣ್ಣಿನೊಳಗೆ ತುಂಬಿರುವ ಲೋಳೆ), ರೆಟಿನಾದಲ್ಲಿ ಇಲ್ಲ. ಹಾಗಾಗಿ ಕಣ್ಣಿನ ಮೇಲೆ ಕೂತ ಗ್ರೈಂಡಿಂಗ್ ಕಿಡಿ ರಾತ್ರಿಯಿಡೀ ಅಳಿಸುತ್ತದೆ, ಒಳಗೆ ಹೋದ ಕಬ್ಬಿಣ ಸುಮ್ಮನೆ ಕೂತಿರುತ್ತದೆ.

ಟಾರ್ಚಿನಲ್ಲಿ ಇದು ಕಾಣುವುದಿಲ್ಲ. ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ನೋಡುವ, ದೀಪವಿರುವ ಸೂಕ್ಷ್ಮದರ್ಶಕ) ನಾವು ಹುಡುಕುವುದು ಆ ಚೂರು ಹೋದ ದಾರಿಯನ್ನು. ಕಾರ್ನಿಯಾದ ಚುಕ್ಕೆಯ ನೇರಕ್ಕೆ ಐರಿಸ್ಸಿನಲ್ಲಿ ತೂತಿದೆಯೇ? ಪಾಪೆಯ ಮೂಲಕ ಹಿಂದಿನಿಂದ ಕೆಂಪು ಬೆಳಕು ಬರುವಂತೆ ಮಾಡಿ ನೋಡಿದರೆ, ಕಂದು ಐರಿಸ್ಸಿನ ನಡುವೆ ದೀಪದ ಬತ್ತಿಯಷ್ಟು ಚಿಕ್ಕದಾಗಿ ಒಂದು ಕೆಂಪು ಬಿಂದು ಹೊಳೆಯುತ್ತದೆ. ಅದು ಕಂಡರೆ ಸಂಶಯವೇ ಉಳಿಯುವುದಿಲ್ಲ. ಅದರ ಹಿಂದೆ ಮಸೂರದಲ್ಲಿ ಬಿಳಿ ಗೆರೆ, ಅದರ ಹಿಂದೆ ವಿಟ್ರಿಯಸ್ಸಿನಲ್ಲಿ ರಕ್ತದ ಎಳೆ. ಗಾಯ ಸೋರುತ್ತಿದೆಯೇ ಎಂದು ತಿಳಿಯಲು ಫ್ಲೋರೆಸೀನ್ ಬಣ್ಣ ಹಚ್ಚಿ ನೀಲಿ ಬೆಳಕು ಹಾಕುತ್ತೇವೆ. ಸೋರುತ್ತಿದ್ದರೆ ಕಿತ್ತಳೆ ಬಣ್ಣದ ನಡುವೆ ಹಸಿರು ತೊರೆ ಇಳಿದುಬರುತ್ತದೆ.

ಸ್ಕ್ಯಾನಿನ ಬಗ್ಗೆ: ಸಾದಾ ಎಕ್ಸ್‌ರೇಯಲ್ಲಿ ಚಿಕ್ಕ ಚೂರು ತಪ್ಪಿಹೋಗಬಹುದು. ಕಣ್ಣಿನ ಗೂಡಿನ ಸಿಟಿಯನ್ನು, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸಿನಲ್ಲಿ, ಕಾಂಟ್ರಾಸ್ಟ್ ಇಲ್ಲದೆ ಕೇಳಿ. ತಲೆಯ ಸಿಟಿ ಎಂದು ಬರೆದರೆ 5 ಮಿ.ಮೀ. ಸ್ಲೈಸ್ ತೆಗೆದು, ನಡುವೆ ಚೂರು ಜಾರಿಹೋದದ್ದೂ ಉಂಟು. ಎಂಆರ್‌ಐ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ. ಅದರ ಅಯಸ್ಕಾಂತ ಕಬ್ಬಿಣದ ಚೂರನ್ನು ಕಣ್ಣೊಳಗೇ ಎಳೆದಾಡಿ ರೆಟಿನಾ ಹರಿಯುತ್ತದೆ. ಗಾಯ ಮುಚ್ಚಿದೆ ಎಂದು ಖಾತ್ರಿಯಾಗುವ ತನಕ ಅಲ್ಟ್ರಾಸೌಂಡ್ ಪ್ರೋಬನ್ನೂ ಕಣ್ಣಿಗೆ ಒತ್ತಬಾರದು.

ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಎರಡು ಅಪಾಯಗಳಿವೆ, ಒಂದು ಗಂಟೆಗಳ ಲೆಕ್ಕದ್ದು, ಇನ್ನೊಂದು ತಿಂಗಳುಗಳ ಲೆಕ್ಕದ್ದು. ಗಂಟೆಗಳದ್ದು ಸೋಂಕು. ಮಣ್ಣಿನಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಚೂರಿನ ಜೊತೆ ಹೋದರೆ 24 ಗಂಟೆಯೊಳಗೆ ಕಣ್ಣು ಕೈತಪ್ಪಿಹೋಗಬಹುದು. ಟ್ರ್ಯಾಕ್ಟರ್ ಕಲ್ಟಿವೇಟರಿನ ಪಿನ್ ಹೊಡೆಯುವಾಗ ಸಿಡಿದ, ಹೊಲದ ಮಣ್ಣು ಮೆತ್ತಿದ ಚೂರೆಂದರೆ ನಾವು ಹೆಚ್ಚು ಹೆದರುವುದು ಇದಕ್ಕೇ. ತಿಂಗಳುಗಳದ್ದು ತುಕ್ಕು. ಕಬ್ಬಿಣ ಕರಗಿ ಕಣ್ಣಿನ ಪ್ರತಿ ಪದರಕ್ಕೂ ಸೇರುತ್ತದೆ, ಇದು ಸಿಡರೋಸಿಸ್. ಐರಿಸ್ ಬಣ್ಣ ಇನ್ನೊಂದು ಕಣ್ಣಿಗಿಂತ ಗಾಢವಾಗುತ್ತದೆ, ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದಾಗುತ್ತದೆ, ಮಸೂರದ ಮೇಲೆ ತುಕ್ಕಿನ ಚುಕ್ಕೆ ಕೂರುತ್ತದೆ, ರಾತ್ರಿ ದೃಷ್ಟಿ ಹೋಗುತ್ತದೆ. ರೆಟಿನಾ ಒಮ್ಮೆ ಸತ್ತರೆ ಆಮೇಲೆ ಚೂರು ತೆಗೆದೂ ಫಲವಿಲ್ಲ.

ತಾಮ್ರವಾದರೆ ಇನ್ನೂ ಅವಸರ. ಶುದ್ಧ ತಾಮ್ರ, ಅಂದರೆ 85%ಕ್ಕಿಂತ ಹೆಚ್ಚು ಇರುವ ವೈರು, ಸೋಂಕೇ ಇಲ್ಲದೆ ಕೀವು ತುಂಬಿದಂಥ ಉರಿಯೂತ ತರುತ್ತದೆ. ಗಾಜು, ಕಲ್ಲು, ಪ್ಲಾಸ್ಟಿಕ್ಕನ್ನು ಕಣ್ಣು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದ ವಿಮಾನ ಚಾಲಕರ ಕಣ್ಣಿನಲ್ಲಿ ಉಳಿದ ಕಾಕ್‌ಪಿಟ್ ಅಕ್ರಿಲಿಕ್ ಚೂರುಗಳು ತಣ್ಣಗಿದ್ದುದನ್ನು ಗಮನಿಸಿಯೇ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಕೃತಕ ಮಸೂರ ಕೂರಿಸಿದ್ದು. ಇಂದು ಕಣ್ಣಿನ ಪೊರೆ ಆಪರೇಷನ್ನಿನಲ್ಲಿ ಹಾಕುವ ಲೆನ್ಸಿನ ಮೂಲ ಅದು. ಆದರೆ ನಿಮ್ಮದು ಬೇರಿಂಗ್ ಸ್ಟೀಲ್. ಕಾಯಬೇಡಿ.

ನೇತ್ರ ಸಹಾಯಕ ಅಧಿಕಾರಿ, ತಾಲ್ಲೂಕು ಆಸ್ಪತ್ರೆ (ಸೋಮವಾರ, ರಾತ್ರಿ 9:30)

ಗ್ರೈಂಡಿಂಗ್ ಕಿಡಿಯ ಪ್ರಶ್ನೆಗೆ ಉತ್ತರ. ಬೆಂಕಿಕಡ್ಡಿ, ಅಂಗಿಯ ಚುಂಗು, ನಾಲಿಗೆ ಯಾವುದೂ ಬೇಡ. ಕಿಡಿ ಬಿಸಿಯಾಗಿಯೇ ಬಂದು ಕಾರ್ನಿಯಾದ ಮೇಲ್ಪದರದಲ್ಲಿ ನೆಡುತ್ತದೆ. ಹತ್ತಿಯಿಂದ ಒರೆಸಿದರೆ ಅದು ಬರುವುದಿಲ್ಲ, ಸುತ್ತಲಿನ ತೆಳು ಮೇಲ್ಪದರ (ಎಪಿಥೀಲಿಯಂ) ಮಾತ್ರ ಕಿತ್ತು ಬರುತ್ತದೆ, ಜೊತೆಗೆ ಕೈಯ ಕೊಳೆ ಆ ಗಾಯಕ್ಕೆ ಸೇರುತ್ತದೆ. ರೆಪ್ಪೆಯ ಒಳಗೆ ಸಡಿಲವಾಗಿ ಕೂತ ಧೂಳು ಬೇರೆ ವಿಷಯ. ಅದು ಶುದ್ಧ ನೀರಿಗೆ ಬರುತ್ತದೆ, ಅಥವಾ ಮೇಲಿನ ರೆಪ್ಪೆ ಮಗುಚಿ ಒದ್ದೆ ಹತ್ತಿಯಿಂದ ತೆಗೆಯಬಹುದು.

ಸರಿಯಾದ ಕ್ರಮ ಹೀಗೆ: ಕಣ್ಣು ಮರಗಟ್ಟಿಸುವ 0.5% ಪ್ರೊಪಾರಕೇನ್ ಎರಡು ಹನಿ, ಒಂದು ನಿಮಿಷದ ಅಂತರದಲ್ಲಿ. ರೋಗಿಯ ಗದ್ದ, ಹಣೆ ಸ್ಲಿಟ್ ಲ್ಯಾಂಪಿಗೆ ಒತ್ತಿರಬೇಕು, ಇನ್ನೊಂದು ಕಣ್ಣು ಒಂದೇ ಗುರಿ ನೋಡುತ್ತಿರಬೇಕು. 26 ಗೇಜ್ ಸೂಜಿ, ಓರೆ ಮುಖ ಮೇಲಕ್ಕೆ. ಸೂಜಿಯನ್ನು ಬದಿಯಿಂದ, ಕಾರ್ನಿಯಾದ ಮೈಗೆ ಸಮನಾಗಿ ತಂದು ಕಿಡಿಯ ಅಂಚಿನ ಕೆಳಗೆ ಹಾಕಿ ಎಬ್ಬಿಸಬೇಕು. ನೇರ ಎದುರಿನಿಂದ ತಂದರೆ, ರೋಗಿ ಒಮ್ಮೆ ಬೆಚ್ಚಿದರೆ ಸಾಕು, ತೂತು. ಕಿಡಿ ಬಂದ ಮೇಲೆ ಕಂದು ತುಕ್ಕಿನ ಉಂಗುರ ಉಳಿದಿರುತ್ತದೆ. ಕಿಡಿ ಬಿದ್ದ ಕೆಲವೇ ಗಂಟೆಗಳಲ್ಲಿ ಅದು ಮೂಡಲು ಶುರು. ಹಗುರವಾಗಿ ಬಂದರೆ ತೆಗೆಯಿರಿ, ಇಲ್ಲವಾದರೆ 24ರಿಂದ 48 ಗಂಟೆ ಬಿಡಿ, ಮೆತ್ತಗಾಗಿ ತಾನೇ ಎದ್ದು ಬರುತ್ತದೆ. ಹಟ ಹಿಡಿದು ಕೆರೆದರೆ, ಅದರಲ್ಲೂ ಪಾಪೆಯ ನೇರಕ್ಕೆ, ಉಳಿಯುವ ಕಲೆ ತುಕ್ಕಿಗಿಂತ ಹೆಚ್ಚು ದೃಷ್ಟಿ ಕೆಡಿಸುತ್ತದೆ.

ಆಮೇಲೆ ಆಂಟಿಬಯಾಟಿಕ್ ಆದ ಮಾಕ್ಸಿಫ್ಲಾಕ್ಸಸಿನ್ 0.5% ದಿನಕ್ಕೆ ನಾಲ್ಕು ಸಲ, ನೋವಿದ್ದರೆ ಪಾಪೆ ಹಿಗ್ಗಿಸಿ ನೋವು ತಗ್ಗಿಸುವ ಹೋಮಾಟ್ರೋಪಿನ್, ಮರುದಿನ ಕಡ್ಡಾಯ ಮರುತಪಾಸಣೆ. ಮರಗಟ್ಟಿಸುವ ಡ್ರಾಪ್ಸನ್ನು ಎಂದಿಗೂ ಮನೆಗೆ ಕೊಡಬಾರದು. ಹಿತವಾಗುತ್ತದೆ ಎಂದು ಗಂಟೆಗೊಮ್ಮೆ ಹಾಕಿಕೊಂಡರೆ ಗಾಯ ಮಾಯುವುದಿಲ್ಲ, ಕಾರ್ನಿಯಾ ಕರಗಲು ಶುರುವಾಗುತ್ತದೆ. ವರ್ಕ್‌ಶಾಪಿನ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಅಂಥ ಬಾಟಲಿ ಇದ್ದರೆ ಇಂದೇ ಎಸೆಯಿರಿ.

ವರ್ಕ್‌ಶಾಪ್ ಮೇಲ್ವಿಚಾರಕ, ಹುಬ್ಬಳ್ಳಿ (ಮಂಗಳವಾರ, ಬೆಳಿಗ್ಗೆ 5:50)

ನಿಮ್ಮೆಲ್ಲರಿಗೆ ಕೈಮುಗಿಯುತ್ತೇನೆ. ರಾತ್ರಿ 10ಕ್ಕೆ ಅಡ್ಮಿಟ್ ಆಯಿತು. ಸಿಟಿಯಲ್ಲಿ ಸುಮಾರು 3 ಮಿ.ಮೀ. ಉದ್ದ, 1 ಮಿ.ಮೀ. ಅಗಲದ ಲೋಹದ ಚೂರು ವಿಟ್ರಿಯಸ್ಸಿನ ಕೆಳಭಾಗದಲ್ಲಿ, ರೆಟಿನಾ ಹತ್ತಿರ ಇದೆ. ಮಸೂರ ಮಂಜಾಗುತ್ತಿದೆ. ದೃಷ್ಟಿ ಈಗ 6/24 (ಚೆನ್ನಾಗಿ ಕಾಣುವವರು 24 ಮೀಟರಿನಿಂದ ಓದುವುದನ್ನು ಇವರು 6 ಮೀಟರಿನಿಂದ ಓದುತ್ತಾರೆ). ಸೋಂಕಿನ ಲಕ್ಷಣ ಇಲ್ಲವಂತೆ, ರೆಟಿನಾ ತನ್ನ ಜಾಗದಿಂದ ಬಿಟ್ಟಿಲ್ಲವಂತೆ. ಡ್ರಿಪ್ಪಿನಲ್ಲಿ ವ್ಯಾಂಕೋಮೈಸಿನ್, ಸೆಫ್ಟಾಜಿಡೈಮ್ ಎಂಬ ಆಂಟಿಬಯಾಟಿಕ್ ಶುರು ಮಾಡಿದ್ದಾರೆ. ಬೆಳಿಗ್ಗೆ 9ಕ್ಕೆ ವಿಟ್ರೆಕ್ಟಮಿ (ವಿಟ್ರಿಯಸ್ ತೆಗೆಯುವ ಆಪರೇಷನ್), ಜೊತೆಗೆ ಮಸೂರವನ್ನೂ ತೆಗೆಯುತ್ತೇವೆ, ಲೆನ್ಸ್ ಆಮೇಲೆ ಹಾಕುತ್ತೇವೆ ಎಂದಿದ್ದಾರೆ.

ಅವರ ಹೆಂಡತಿ ಗಾಬರಿಯಾಗಿದ್ದಾರೆ. ಕಬ್ಬಿಣವೇ ಆದ್ದರಿಂದ ಹೊರಗಿನಿಂದ ದೊಡ್ಡ ಮ್ಯಾಗ್ನೆಟ್ ಹಿಡಿದು ಎಳೆದರೆ ಸಾಲದೇ, ಇಷ್ಟೆಲ್ಲ ಯಾಕೆ ಎಂದು ಕೇಳುತ್ತಿದ್ದಾರೆ. ಒಳಗೆ ಏನು ಮಾಡುತ್ತಾರೆ ಎಂದು ಅವರಿಗೆ ಓದಿ ಹೇಳುವಂತೆ ಬರೆದುಕೊಡುತ್ತೀರಾ ಸರ್?

ರೆಟಿನಾ ಸರ್ಜನ್, ಬೆಂಗಳೂರು (ಮಂಗಳವಾರ, ಬೆಳಿಗ್ಗೆ 6:35)

ಆ ತಾಯಿಯ ಪ್ರಶ್ನೆ ಸರಿಯಾಗಿಯೇ ಇದೆ, ಒಂದು ಕಾಲಕ್ಕೆ ಹಾಗೆಯೇ ಮಾಡುತ್ತಿದ್ದರು. ಬರ್ಲಿನ್ನಿನ ಹಿರ್ಷ್‌ಬರ್ಗ್ 1879ರಲ್ಲಿ ವಿದ್ಯುತ್ ಅಯಸ್ಕಾಂತ ಬಳಸಿದರು, ಆಮೇಲೆ ಜ್ಯೂರಿಕ್‌ನ ಹಾಬ್ ದೈತ್ಯ ಅಯಸ್ಕಾಂತ ತಂದರು. ತೊಂದರೆ ಏನೆಂದರೆ, ಹೊರಗಿನ ಅಯಸ್ಕಾಂತ ಚೂರನ್ನು ತನ್ನತ್ತ ನೆಟ್ಟಗೆ ಎಳೆಯುತ್ತದೆ, ನಡುವೆ ಮಸೂರ ಇದೆಯೋ ರೆಟಿನಾ ಇದೆಯೋ ಅದಕ್ಕೆ ಗೊತ್ತಿಲ್ಲ. ಚೂರಿಗೆ ಅಂಟಿಕೊಂಡ ವಿಟ್ರಿಯಸ್ ಜೊತೆಯಲ್ಲೇ ಎಳೆದುಕೊಂಡು ಬಂದು ರೆಟಿನಾವನ್ನು ಹರಿಯುತ್ತದೆ. 1970ರ ದಶಕದಲ್ಲಿ ಮಯಾಮಿಯ ರಾಬರ್ಟ್ ಮ್ಯಾಕೆಮರ್ ಮುಚ್ಚಿದ ಕಣ್ಣಿನೊಳಗೇ ವಿಟ್ರಿಯಸ್ ಕತ್ತರಿಸುವ ವಿಧಾನ ರೂಢಿಗೆ ತಂದ ಮೇಲೆ ನೋಡಿಕೊಂಡೇ, ಬಿಡಿಸಿಕೊಂಡೇ ತೆಗೆಯುವಂತಾಯಿತು.

ಬೆಳಿಗ್ಗೆ ನಡೆಯುವುದು ಬಹುತೇಕ ಹೀಗೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ತೂತಾದ ಕಣ್ಣಿನ ಹಿಂದೆ ಇಂಜೆಕ್ಷನ್ ತುಂಬಿದರೆ ಒತ್ತಡ ಏರುತ್ತದೆ, ಅದಕ್ಕೆ. ಮೊದಲು ಕಾರ್ನಿಯಾದ ಗಾಯ. ಸೋರುತ್ತಿದ್ದರೆ 10-0 ನೈಲಾನ್ ದಾರದಲ್ಲಿ ಒಂದೆರಡು ಹೊಲಿಗೆ, ಗಂಟನ್ನು ಒಳಗೆ ಹುದುಗಿಸುತ್ತಾರೆ. ಆ ದಾರ ಕೂದಲಿಗಿಂತ ತೆಳು. ಗಾಯ ಭದ್ರವಾಗದೆ ಮುಂದಿನ ಕೆಲಸ ಮಾಡಿದರೆ ಒಳಗೆ ಬಿಡುವ ದ್ರವ ಅಲ್ಲಿಂದಲೇ ಹೊರಬರುತ್ತದೆ.

ನಂತರ ಬಿಳಿಗುಡ್ಡೆಯಲ್ಲಿ ಮೂರು ರಂಧ್ರ, 23 ಅಥವಾ 25 ಗೇಜಿನವು. ಮಸೂರ ಉಳಿಸಿಕೊಳ್ಳುವುದಾದರೆ ಕಪ್ಪುಗುಡ್ಡೆಯ ಅಂಚಿನಿಂದ 4 ಮಿ.ಮೀ. ಹಿಂದೆ, ತೆಗೆಯುವುದಾದರೆ 3.5 ಮಿ.ಮೀ. ಹಿಂದೆ. ಒಂದರಲ್ಲಿ ಕಣ್ಣಿನ ಆಕಾರ ಕಾಯುವ ದ್ರವ ಹರಿಯುತ್ತದೆ, ಒಂದರಲ್ಲಿ ದೀಪ, ಒಂದರಲ್ಲಿ ಕಟ್ಟರ್. ದ್ರವದ ನಳಿಕೆಯ ತುದಿ ವಿಟ್ರಿಯಸ್ಸಿನೊಳಗೆ ಬಂದಿದೆ ಎಂದು ಕಣ್ಣಾರೆ ನೋಡದೆ ಹರಿವು ಬಿಡುವಂತಿಲ್ಲ. ರೆಟಿನಾ ಕೆಳಗೆ ಸೇರಿದರೆ ನಾವೇ ರೆಟಿನಾ ಬಿಡಿಸಿದಂತೆ. ಆಮೇಲೆ ಮಂಜಾದ ಮಸೂರ ತೆಗೆಯುತ್ತಾರೆ. ಆದರೆ ಅದರ ಮುಂದಿನ ಪೊರೆಯನ್ನು ಉಳಿಸುತ್ತಾರೆ, ಮುಂದೆ ಕೃತಕ ಲೆನ್ಸ್ ಕೂರಿಸಲು ಆಸರೆ ಬೇಕಲ್ಲ. ಲೆನ್ಸನ್ನು ಇಂದೇ ಹಾಕದಿರುವುದಕ್ಕೂ ಕಾರಣವಿದೆ: ಗಾಯಗೊಂಡ ಕಣ್ಣಿನ ಅಳತೆ ಸರಿಯಾಗಿ ಸಿಗದು, ಸೋಂಕು ಕಾಣಿಸಿಕೊಂಡರೆ ಲೆನ್ಸ್ ಅದಕ್ಕೆ ನೆಲೆಯಾಗುತ್ತದೆ.

ಮುಂದೆ ವಿಟ್ರಿಯಸ್. ಕಣ್ಣಿನಲ್ಲಿ ಅದು ಸುಮಾರು 4 ಮಿ.ಲೀ. ಇರುತ್ತದೆ, ಪಾರದರ್ಶಕ, ಕಣ್ಣಿಗೆ ಕಾಣದು. ಟ್ರಯಾಮ್ಸಿನೊಲೋನ್ ಎಂಬ ಔಷಧವನ್ನು ಒಳಗೆ ಬಿಟ್ಟರೆ ಅದರ ಬಿಳಿ ಕಣಗಳು ಅಂಟಿಕೊಂಡು, ಎಲ್ಲೆಲ್ಲಿ ಉಳಿದಿದೆ ಎಂದು ತೋರುತ್ತವೆ. ದೃಷ್ಟಿನರದ ಬಳಿಯಿಂದ ಹಿಂಬದಿಯ ಪೊರೆಯನ್ನು ಎಬ್ಬಿಸಿ ತೆಗೆಯುವುದು ಇಡೀ ಆಪರೇಷನ್ನಿನ ಅತಿ ಮುಖ್ಯ ಹಂತ ಎಂದು ನನ್ನ ಅಭಿಪ್ರಾಯ. ಅದು ಉಳಿದರೆ ಆರು ವಾರದಲ್ಲಿ ಅದರ ಮೇಲೆಯೇ ಕಲೆ ಬೆಳೆದು ರೆಟಿನಾವನ್ನು ಮಡಚುತ್ತದೆ. ಯುವಕರಲ್ಲಿ ಅದು ಬಿಗಿಯಾಗಿ ಅಂಟಿರುತ್ತದೆ, ಅವಸರಿಸಿದರೆ ರೆಟಿನಾ ಹರಿಯುತ್ತದೆ. 34ರ ವಯಸ್ಸಿಗೆ ಇದು ಸುಲಭದ ಕೆಲಸ ಅಲ್ಲ.

ಚೂರಿನ ಸುತ್ತಲಿನ ಎಲ್ಲ ಎಳೆ ಕತ್ತರಿಸಿ, ಅದು ಒಂಟಿಯಾಗಿ ಬಿದ್ದಿದೆ ಎಂದಾದ ಮೇಲೆಯೇ ಎತ್ತುವುದು. ರೆಟಿನಾಕ್ಕೆ ತಾಗಿದ ಜಾಗದಲ್ಲಿ ಹರಿದಿದ್ದರೆ ಸುತ್ತ ಎರಡು ಮೂರು ಸಾಲು ಲೇಸರ್. ಪೆನ್ನಿನ ರೀಫಿಲ್ಲಿಗಿಂತ ಸಣ್ಣ ತುದಿಯ ಅಯಸ್ಕಾಂತವನ್ನು ಚೂರಿನ ಹತ್ತಿರ ತಂದಾಗ ಅದು ಒಮ್ಮೆ ಅಲುಗಿ, ತುದಿ ಮೇಲೆತ್ತಿ, ಟಕ್ಕೆಂದು ಹಾರಿ ಹಿಡಿದುಕೊಳ್ಳುತ್ತದೆ. ಅದನ್ನು ಕಣ್ಣಿನ ನಡುಮಧ್ಯಕ್ಕೆ ತಂದು, ವಜ್ರದ ಪುಡಿ ಲೇಪಿಸಿದ ಫೋರ್ಸೆಪ್ಸಿಗೆ ದಾಟಿಸುತ್ತಾರೆ. ದಾಟಿಸುವಾಗ ಚೂರಿನ ಒಂದು ತುದಿಯನ್ನೇ ಹಿಡಿಯಬೇಕು, ಆಗ 1 ಮಿ.ಮೀ. ಮುಖ ಮುಂದಾಗಿ ಹೊರಬರುತ್ತದೆ. ನಡು ಹಿಡಿದರೆ 3 ಮಿ.ಮೀ. ಉದ್ದ ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು, ರಂಧ್ರವನ್ನು ಸಾಕಷ್ಟು ಹಿಗ್ಗಿಸದಿರುವುದು. ಚೂರು ಬಾಗಿಲಿನಲ್ಲಿ ತಡೆದು ಫೋರ್ಸೆಪ್ಸಿನಿಂದ ಜಾರಿ ನೆಟ್ಟಗೆ ಮ್ಯಾಕುಲಾದ ಮೇಲೆ ಬೀಳುತ್ತದೆ. ಓದುವ ದೃಷ್ಟಿ ಇರುವುದೇ ಅಲ್ಲಿ. ಈ ಅಳತೆಗೆ ಒಂದು ರಂಧ್ರವನ್ನು ಸುಮಾರು 2 ಮಿ.ಮೀ.ಗೆ ಹಿಗ್ಗಿಸಿಟ್ಟುಕೊಂಡೇ ಎತ್ತಬೇಕು. ಮ್ಯಾಕುಲಾದ ಮೇಲೆ ಪರ್‌ಫ್ಲೋರೋಕಾರ್ಬನ್ ಎಂಬ ಭಾರದ ದ್ರವವನ್ನು ಹಾಸುವವರೂ ಇದ್ದಾರೆ. ಕಬ್ಬಿಣ ಅದಕ್ಕಿಂತ ಭಾರ, ತೂರಿ ಕೆಳಗಿಳಿಯುತ್ತದೆ, ಆದರೂ ಏಟಿನ ರಭಸ ತಗ್ಗುತ್ತದೆ. ಚೂರು 4-5 ಮಿ.ಮೀ. ದಾಟಿದರೆ ಬಿಳಿಗುಡ್ಡೆಯಲ್ಲಿ ಅಷ್ಟು ದೊಡ್ಡ ಬಾಗಿಲು ತೆರೆಯುವುದಿಲ್ಲ. ಮಸೂರ ತೆಗೆದ ದಾರಿಯಲ್ಲಿ ಮುಂದಕ್ಕೆ ತಂದು ಕಾರ್ನಿಯಾದ ಅಂಚಿನಿಂದ ತೆಗೆಯುತ್ತಾರೆ.

ಹೊರಬಂದ ಚೂರು ಕಲ್ಚರಿಗೆ (ಅದರಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಹೋಗಬೇಕು. ಹಿಗ್ಗಿಸಿದ ರಂಧ್ರಕ್ಕೆ ಹೊಲಿಗೆ ಹಾಕಿ, ಅಂಚನ್ನು ಹೊರಗಿನಿಂದ ಒತ್ತಿ 360 ಡಿಗ್ರಿ ರೆಟಿನಾ ನೋಡಿ, ಹರಿದ ಜಾಗ ಕಂಡರೆ ಲೇಸರ್ ಮಾಡಿ, ಕೊನೆಗೆ ಕಣ್ಣಿನೊಳಗೆ ಗಾಳಿ, ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಸೋಂಕಿನ ಭಯವಿದ್ದರೆ ಕಣ್ಣೊಳಗೆ ವ್ಯಾಂಕೋಮೈಸಿನ್ 1 ಮಿ.ಗ್ರಾಂ., ಸೆಫ್ಟಾಜಿಡೈಮ್ 2.25 ಮಿ.ಗ್ರಾಂ., ತಲಾ 0.1 ಮಿ.ಲೀ.ಯಲ್ಲಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್, ಒಂದರಲ್ಲೇ ಬೆರೆಸಿದರೆ ಗಸಿಗಟ್ಟುತ್ತದೆ. ಎಣ್ಣೆ ತುಂಬಿದ ಕಣ್ಣಿಗೆ ಡೋಸ್ ತಗ್ಗಿಸುತ್ತಾರೆ.

ದೃಷ್ಟಿ ಎಷ್ಟು ಮರಳಬಹುದು ಎಂದು ಆ ತಾಯಿ ಮುಂದೆ ಕೇಳಿಯೇ ಕೇಳುತ್ತಾರೆ. ಕಣ್ಣಿನ ಗಾಯಕ್ಕೆ ಒಂದು ಅಂಕಪಟ್ಟಿ ಇದೆ. 6/24 ದೃಷ್ಟಿಗೆ 90 ಅಂಕ. ಸೋಂಕಿದ್ದರೆ 17, ಕಣ್ಣಿನ ಆಚೆ ಬದಿಗೂ ತೂತಾಗಿದ್ದರೆ 14, ರೆಟಿನಾ ಬಿಟ್ಟಿದ್ದರೆ 11, ಪಾಪೆಯ ಪ್ರತಿಕ್ರಿಯೆ ಕುಂದಿದ್ದರೆ 10 ಕಳೆಯಬೇಕು. ಪಾಪೆಯ ಬಗ್ಗೆ ನೀವು ಬರೆದಿಲ್ಲ, ಅದು ಸರಿಯಿದ್ದರೆ ಇವರಿಗೆ ಏನೂ ಕಳೆಯುವುದಿಲ್ಲ. 81ರಿಂದ 91ರ ಗುಂಪಿನಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಕೊನೆಗೆ 6/12 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಸಿಕ್ಕಿದೆ. ಇದನ್ನು ಅವರಿಗೆ ಓದಿ ಹೇಳಿ.

ಅಡಿಕೆ ತೋಟ, ಸಿರಸಿ (ಮಂಗಳವಾರ, ಬೆಳಿಗ್ಗೆ 8:15)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಬ್ಬಿಣ ಅಲ್ಲದೆ ಭತ್ತದ ಹೊಟ್ಟು, ಕಬ್ಬಿನ ಗರಿ, ಮುಳ್ಳು ತಾಗಿದರೂ ಇದೇ ಕ್ರಮವೇ?

ನೇತ್ರ ಸಹಾಯಕ ಅಧಿಕಾರಿ, ತಾಲ್ಲೂಕು ಆಸ್ಪತ್ರೆ (ಮಂಗಳವಾರ, ಬೆಳಿಗ್ಗೆ 8:40)

ಅಲ್ಲ. ಗಿಡಮರದ ವಸ್ತುವಿನಲ್ಲಿ ಭಯ ಶಿಲೀಂಧ್ರದ್ದು. ಎರಡು ಮೂರು ದಿನ ಬರೀ ಚುಚ್ಚುತ್ತದೆ, ಆಮೇಲೆ ಅಂಚು ಗರಿಗರಿಯಾದ ಬೂದು ಬಿಳಿ ಕಲೆ ಕಾಣುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಸೇರಿದ ಡ್ರಾಪ್ಸ್ ತಂದು ಹಾಕುವುದೇ ಇಲ್ಲಿ ದೊಡ್ಡ ಅನಾಹುತ. ಮೊದಲ ದಿನ ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೆ ಶಿಲೀಂಧ್ರ ಹುಲುಸಾಗುತ್ತದೆ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಎಂದಿದ್ದರೆ ಮುಟ್ಟಬೇಡಿ. ಕಲೆಯನ್ನು ಕೆರೆದು ಕೆಒಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣ) ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಶಿಲೀಂಧ್ರದ ಎಳೆ ಕಂಡರೆ ನಾಟಾಮೈಸಿನ್ 5% ಡ್ರಾಪ್ಸ್ ಗಂಟೆಗೊಮ್ಮೆ, ವಾರಗಟ್ಟಲೆ. ಮುಳ್ಳು ಒಳಗೆ ಮುರಿದಿದೆ ಎಂಬ ಸಂಶಯವಿದ್ದರೆ ಸಿಟಿ ವರದಿಯನ್ನು ಪೂರ್ತಿ ನಂಬಬೇಡಿ. ಒಣ ಕಟ್ಟಿಗೆ ಅದರಲ್ಲಿ ಗಾಳಿಯ ಹಾಗೆ ಕಪ್ಪಾಗಿ ಕಾಣುತ್ತದೆ.

ಆಪರೇಷನ್ ಥಿಯೇಟರ್ ನರ್ಸ್, ಮಂಗಳೂರು (ಮಂಗಳವಾರ, ಮಧ್ಯಾಹ್ನ 2:20)

ಆಪರೇಷನ್ ಮುಗಿದ ಮೇಲೆ ಮನೆಯವರು ಎಡವುವ ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಡಿಸ್ಚಾರ್ಜ್ ಆಗುವ ಮುನ್ನ ಒಂದು ಪ್ರಶ್ನೆ ಕೇಳಿ ಬರೆಸಿಕೊಳ್ಳಿ: ಒಳಗೆ ಏನು ತುಂಬಿದ್ದೀರಿ? ಎಸ್‌ಎಫ್6 ಗ್ಯಾಸ್ ಎರಡು ವಾರ ಚಿಲ್ಲರೆ ಇರುತ್ತದೆ, ಸಿ3ಎಫ್8 ಆರರಿಂದ ಎಂಟು ವಾರ. ಗ್ಯಾಸ್ ಇರುವವರೆಗೆ ವಿಮಾನ ಹತ್ತುವಂತಿಲ್ಲ. ಮೇಲೇರಿದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ರಕ್ತ ಸಂಚಾರವೇ ನಿಲ್ಲಬಹುದು. ನಮ್ಮ ಕರಾವಳಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಚಾರ್ಮಾಡಿ, ಆಗುಂಬೆ ಹತ್ತಿ ಊರಿಗೆ ಹೋಗುವವರಿದ್ದಾರೆ. ಘಟ್ಟ ಹತ್ತುವುದಿದ್ದರೆ ಮೊದಲೇ ಸರ್ಜನ್ನರಿಗೆ ತಿಳಿಸಿ. ಬೇರೆ ಯಾವ ಕಾರಣಕ್ಕೋ ಅರಿವಳಿಕೆ ಬೇಕಾದರೆ ನೈಟ್ರಸ್ ಆಕ್ಸೈಡ್ ಕೊಡಬೇಡಿ ಎಂದು ಹೇಳಬೇಕು. ಸಿಲಿಕೋನ್ ಎಣ್ಣೆಯಾದರೆ ಪ್ರಯಾಣದ ತೊಂದರೆ ಇಲ್ಲ, ಆದರೆ ಅದು ತಾನಾಗಿ ಕರಗದು. ಮೂರರಿಂದ ಆರು ತಿಂಗಳಲ್ಲಿ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಕಣ್ಣು ಕಾಣುತ್ತಿದೆಯಲ್ಲ ಎಂದು ಬರದೇ ಉಳಿದವರಿಗೆ ಗ್ಲಾಕೋಮಾ (ಒತ್ತಡ ಏರಿ ದೃಷ್ಟಿನರ ಕೆಡುವ ರೋಗ) ಬರಬಹುದು.

ಮಲಗುವ ಭಂಗಿ ಕಟ್ಟುನಿಟ್ಟು. ಬೋರಲು ಎಂದರೆ ಬೋರಲೇ. ಗ್ಯಾಸ್ ಗುಳ್ಳೆ ಮೇಲಕ್ಕೆ ತೇಲಿ ರೆಟಿನಾವನ್ನು ಒತ್ತಿ ಹಿಡಿಯಬೇಕು, ಅದಕ್ಕಾಗಿ ಈ ಭಂಗಿ. ಊಟಕ್ಕೆ, ಶೌಚಕ್ಕೆ ಎದ್ದದ್ದು ಬಿಟ್ಟು ಗಂಟೆಗೆ 45-50 ನಿಮಿಷ.

ಡ್ರಾಪ್ಸ್ ಎರಡು ಮೂರು ಬಗೆ ಇರುತ್ತವೆ. ಒಂದಕ್ಕೂ ಇನ್ನೊಂದಕ್ಕೂ 5 ನಿಮಿಷ ಅಂತರ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಪ್ರೆಡ್ನಿಸೊಲೋನ್ ಬಾಟಲಿ ಚೆನ್ನಾಗಿ ಕುಲುಕಬೇಕು, ಔಷಧ ತಳದಲ್ಲಿ ಕೂತಿರುತ್ತದೆ. ಹಿಂದಿನ ಪೋಸ್ಟಿನಲ್ಲಿ ಸ್ಟೀರಾಯ್ಡ್ ಬೇಡ ಎಂದದ್ದು ಶಿಲೀಂಧ್ರದ ಮಾತು. ಇಲ್ಲಿ ಸರ್ಜನ್ ಬರೆದದ್ದನ್ನು ಹೆದರಿ ನಿಲ್ಲಿಸಬೇಡಿ, ದಿಢೀರನೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ತಲೆಸ್ನಾನಕ್ಕೆ ಸರ್ಜನ್ ಅನುಮತಿ ಕೊಡಲಿ. ನೋವು ಹೆಚ್ಚುತ್ತಾ ಹೋದರೆ, ದೃಷ್ಟಿ ಕುಂದಿದರೆ, ಕಪ್ಪುಗುಡ್ಡೆಯ ಒಳಗೆ ತಳದಲ್ಲಿ ಬಿಳಿ ಗೆರೆ ನಿಂತರೆ ಅದೇ ಗಂಟೆಗೆ ಹೊರಡಿ.

ಸುರಕ್ಷತಾ ಅಧಿಕಾರಿ, ಪೀಣ್ಯ (ಮಂಗಳವಾರ, ಸಂಜೆ 5:45)

ಚೂರು ಎಲ್ಲಿಂದ ಬಂತು ಎಂದು ಉಳಿಯ ತಲೆ ನೋಡಿದರೆ ಗೊತ್ತಾಗುತ್ತದೆ. ಹೊಡೆದು ಹೊಡೆದು ತಲೆ ಅಣಬೆಯಂತೆ ಅರಳಿ, ಅಂಚಿನಲ್ಲಿ ಸೀಳು ಬಿಟ್ಟಿರುತ್ತದೆ. ಮುಂದಿನ ಏಟಿಗೆ ಆ ಸೀಳಿನ ತುಣುಕೇ ಸಿಡಿಯುವುದು. ಅರಳಿದ ಅಂಚನ್ನು ಗ್ರೈಂಡ್ ಮಾಡಿ, ಸುತ್ತಲೂ ಓರೆ ಕೊಟ್ಟು ಇಡಬೇಕು; ಸೀಳು ಆಳವಾಗಿದ್ದರೆ ಗುಜರಿಗೆ. ಎರಡನೆಯ ಕಾರಣ ಬೇರಿಂಗಿನ ರಿಂಗೇ. ಅದು ಗಟ್ಟಿ ಮಾಡಿದ ಸ್ಟೀಲ್, ಏಟಿಗೆ ಬಾಗುವುದಿಲ್ಲ, ಚೂರಾಗುತ್ತದೆ. ಅದಕ್ಕೆ ಉಳಿ ಇಡಲೇಬಾರದು. ಬೇರಿಂಗ್ ಎಳೆದು ಬಿಚ್ಚುವ ಪುಲ್ಲರ್ ಅಥವಾ ಪ್ರೆಸ್ ಬಳಸಿ. ಹೊಡೆಯಲೇಬೇಕಾದರೆ ಹಿತ್ತಾಳೆ ಡ್ರಿಫ್ಟ್ (ಸುತ್ತಿಗೆಯ ಏಟು ದಾಟಿಸುವ ಮೆದು ಲೋಹದ ಕೋಲು). ಅದೂ ಅರಳಿ ಸಿಡಿಯಬಹುದು, ಕನ್ನಡಕ ಬಿಡುವಂತಿಲ್ಲ.

ಕನ್ನಡಕ ಪಾಲಿಕಾರ್ಬೊನೇಟಿನದೇ ಆಗಿರಬೇಕು, ಬದಿಗೂ ಮರೆ ಇರಬೇಕು, ಮೇಲೆ ಐಎಸ್ 5983 ಗುರುತು ನೋಡಿ. ಯೂರೋಪಿನ ಇಎನ್ 166 ಗುರುತಿದ್ದರೆ, ಎಫ್ ಎಂದರೆ ಸೆಕೆಂಡಿಗೆ 45 ಮೀಟರ್ ವೇಗದ ಉಕ್ಕಿನ ಗುಂಡು ತಡೆಯುತ್ತದೆ, ಬಿ ಎಂದರೆ 120 ಮೀಟರ್. ಗ್ಯಾಸ್ ವೆಲ್ಡಿಂಗಿನ ಕಪ್ಪು ಗಾಜಿನ ಗಾಗಲ್ ಬೆಳಕು ತಡೆಯುತ್ತದೆ; ಅದು ಏಟನ್ನೂ ತಡೆಯುತ್ತದೆ ಎಂದುಕೊಳ್ಳಬೇಡಿ. ಉಳಿ ಹಿಡಿದವರ ಎದುರು ನಿಂತ ಹೆಲ್ಪರಿಗೂ ಕನ್ನಡಕ ಬೇಕು. ಗೀರು ಬಿದ್ದು ಮಂಜಾದದ್ದನ್ನು ಬದಲಿಸಿ ಕೊಡಿ. ಕಾಣದ ಕನ್ನಡಕವನ್ನು ಯಾರೂ ಹಾಕುವುದಿಲ್ಲ, ಅದು ಅವರ ತಪ್ಪಲ್ಲ.

ಇಎಸ್‌ಐ ಇದ್ದರೆ ಅಪಘಾತದ ವರದಿ ಇಂದೇ ಕಳಿಸಿ, ಅಪಘಾತದ ರಿಜಿಸ್ಟರಿನಲ್ಲಿ ಸಮಯ, ಉಪಕರಣ, ಸಾಕ್ಷಿಗಳನ್ನು ಬರೆಯಿರಿ. ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ ಕಾನೂನಿನ ಪಟ್ಟಿಯಲ್ಲಿ ಗಳಿಕೆ ಸಾಮರ್ಥ್ಯದ ನಷ್ಟ 30%, ಕಣ್ಣೇ ಹೋದರೆ 40%. ವರದಿ ತಡವಾದರೆ ಒದ್ದಾಡುವುದು ಆ ಕುಟುಂಬ.

ವರ್ಕ್‌ಶಾಪ್ ಮೇಲ್ವಿಚಾರಕ, ಹುಬ್ಬಳ್ಳಿ (ಮಂಗಳವಾರ, ರಾತ್ರಿ 8:30)

ಆಪರೇಷನ್ ಮುಗಿದಿದೆ. ಚೂರು ಒಂದೇ ತುಂಡಾಗಿ ಬಂದಿದೆ, ಸಣ್ಣ ಬಾಟಲಿಯಲ್ಲಿ ತೋರಿಸಿದರು. ಎಸ್‌ಎಫ್6 ಗ್ಯಾಸ್ ಹಾಕಿದ್ದಾರೆ. ವರದಿ ಕಳಿಸಿದ್ದೇನೆ, ಅರಳಿದ ಉಳಿಗಳನ್ನೆಲ್ಲ ತೆಗೆದಿಟ್ಟಿದ್ದೇನೆ. ಕೊನೆಯ ಪ್ರಶ್ನೆ: ಇನ್ನು ಎಷ್ಟು ದಿನ ಎಚ್ಚರ ಬೇಕು? ಎಡಗಣ್ಣಿಗೂ ಹರಡಬಹುದು ಎಂದು ಯಾರೋ ಹೇಳಿ ಮನೆಯವರನ್ನು ಹೆದರಿಸಿದ್ದಾರೆ.

ರೆಟಿನಾ ಸರ್ಜನ್, ಬೆಂಗಳೂರು (ಮಂಗಳವಾರ, ರಾತ್ರಿ 9:15)

ಒಳ್ಳೆಯ ಸುದ್ದಿ. ಮೊದಲ ವಾರ ಸೋಂಕಿನ ಮೇಲೆ ಕಣ್ಣು. ನಾಲ್ಕರಿಂದ ಎಂಟನೇ ವಾರ ರೆಟಿನಾ ಬಿಡುವ ಕಾಲ: ಕತ್ತಲಲ್ಲಿ ಮಿಂಚು, ಕರಿ ಚುಕ್ಕೆಗಳ ಮಳೆ, ಒಂದು ಬದಿಯಿಂದ ಪರದೆ ಎಳೆದಂತೆ ನೆರಳು, ಯಾವುದು ಕಂಡರೂ ಅದೇ ದಿನ ತೋರಿಸಿ. ಈಗ ಗ್ಯಾಸ್ ಇರುವುದರಿಂದ ಕಣ್ಣು ಮಸಕಾಗಿರುತ್ತದೆ. ಕೆಲವು ದಿನಗಳಲ್ಲಿ ನೀರಿನ ಮಟ್ಟದಂತೆ ಒಂದು ಅಡ್ಡಗೆರೆ ಕಂಡು, ದಿನದಿನಕ್ಕೆ ಕೆಳಗಿಳಿಯುತ್ತದೆ. ಅದು ಗ್ಯಾಸ್ ಕರಗುತ್ತಿರುವುದು, ಗಾಬರಿ ಬೇಡ.

ಎಡಗಣ್ಣಿನ ಮಾತು ಪೂರ್ತಿ ಸುಳ್ಳಲ್ಲ. ಗಾಯಗೊಂಡ ಕಣ್ಣಿನ ಒಳಪದರಕ್ಕೆ ದೇಹವೇ ತಿರುಗಿಬಿದ್ದು, ಚೆನ್ನಾಗಿರುವ ಕಣ್ಣಿಗೂ ಉರಿಯೂತ ಬರಬಹುದು. ಅದು ಹರಡುವ ಸೋಂಕಲ್ಲ. ಬಲು ಅಪರೂಪ, ಬಂದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಬಹುಪಾಲು ವರ್ಷದೊಳಗೆ. ಬೇಗ ಹಿಡಿದರೆ ಸ್ಟೀರಾಯ್ಡಿಗೆ ಬಗ್ಗುತ್ತದೆ. ವಾರಕ್ಕೊಮ್ಮೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಅದೇ ಕ್ಯಾಲೆಂಡರ್ ಓದಲಿ. ಅಕ್ಷರ ಮಂಜಾದರೆ, ಬೆಳಕು ಚುಚ್ಚಿದರೆ, ಹತ್ತಿರದ್ದು ಓದಲು ಕಷ್ಟವಾದರೆ ಫೋನ್ ಮಾಡಿ ಹೊರಟುಬಿಡಿ.

ಕೃತಕ ಲೆನ್ಸಿನ ಮಾತನ್ನು ಉರಿಯೂತ ಪೂರ್ತಿ ತಣಿದು, ರೆಟಿನಾ ಭದ್ರ ಎಂದಾದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಎತ್ತುತ್ತಾರೆ. ಅಲ್ಲಿಯವರೆಗೆ ಆ ಕಣ್ಣಿಗೆ ದೂರ ಹತ್ತಿರದ ಅಂದಾಜು ಇರುವುದಿಲ್ಲ, ತಿರುಗುವ ಯಂತ್ರದ ಕೆಲಸ ಕೊಡಬೇಡಿ. ಸ್ಟೋರಿನ ಲೆಕ್ಕ, ಇನ್‌ಸ್ಪೆಕ್ಷನ್ ಮೇಜು, ಅಂಥದ್ದೇನಾದರೂ ನೋಡಿ. ಮತ್ತೆ, ಡಿಸ್ಚಾರ್ಜ್ ಹಾಳೆಯಲ್ಲಿ ಚೂರು ಪೂರ್ತಿ ತೆಗೆಯಲಾಗಿದೆ ಎಂಬ ಸಾಲು ಇದೆಯೇ ನೋಡಿಕೊಳ್ಳಿ. ಮುಂದೆ ಎಂದಾದರೂ ಬೆನ್ನಿಗೋ ಮಂಡಿಗೋ ಎಂಆರ್‌ಐ ಬೇಕಾದಾಗ ಮೊದಲು ಕೇಳುವುದು ಆ ಹಾಳೆಯನ್ನೇ.